ಹಳೆ ಕಂಪ್ಯೂಟರ್‌ನಲ್ಲಿ ವಿಡಿಯೊ ರೆಕಾರ್ಡಿಂಗ್ ಹಾಳಾಗ್ತಿದೆಯಾ? ಎಫ್‌ಎಫ್‌ಎಂಪೆಗ್‌ನಲ್ಲಿ ತಪ್ಪು ಹುಡುಕಿ ಸರಿಮಾಡುವ ಬಗೆ

ರೆಕಾರ್ಡಿಂಗ್ ಮುಗಿಸಿ ಫೈಲ್ ತೆರೆದು ನೋಡುತ್ತೀರಿ. ಚಿತ್ರ ತಡೆದು ತಡೆದು ಓಡುತ್ತಿದೆ. ಇಲ್ಲವೇ ಮಾತು ಮೊದಲು ಬರುತ್ತದೆ, ತುಟಿ ಆಮೇಲೆ ಅಲ್ಲಾಡುತ್ತದೆ. ಇಲ್ಲವೇ ಫೈಲೇ ತೆರೆಯುವುದಿಲ್ಲ. ಹಳೆ ಕಂಪ್ಯೂಟರ್ ಅಂದಮೇಲೆ ಇಷ್ಟೇ ಅಂತ ಕೈಬಿಡುವವರೇ ಜಾಸ್ತಿ. ನಾನು ಅದನ್ನು ಒಪ್ಪುವುದಿಲ್ಲ. ಎರಡೇ ಕೋರ್ ಇರುವ ಲ್ಯಾಪ್‌ಟಾಪ್‌ಗೂ ಅದರ ಶಕ್ತಿಗೆ ತಕ್ಕಷ್ಟು ಕೆಲಸ ಕೊಟ್ಟರೆ ಚೆನ್ನಾಗಿಯೇ ರೆಕಾರ್ಡ್ ಮಾಡುತ್ತದೆ. ತೊಂದರೆ ಏನೆಂದರೆ, ನಾವು ರೆಕಾರ್ಡ್ ಮಾಡುವ ಕೆಲಸ ಮತ್ತು ಫೈಲ್ ಕುಗ್ಗಿಸುವ ಕೆಲಸ ಎರಡನ್ನೂ ಒಟ್ಟಿಗೇ ಅದರ ತಲೆ ಮೇಲೆ ಹೊರಿಸುತ್ತೇವೆ. ಯಾರೋ ಹೇಳುತ್ತಿರುವುದನ್ನು ಬರೆದುಕೊಳ್ಳುವಾಗಲೇ ಅಕ್ಷರ ದುಂಡಗೆ ಮಾಡಲು ಹೋದರೆ ಮುಂದಿನ ಮಾತು ತಪ್ಪಿಹೋಗುತ್ತದೆ, ಅಲ್ವಾ? ಇಲ್ಲೂ ಹಾಗೇ. ಮೊದಲು ಹೇಗೋ ಹಿಡಿದಿಟ್ಟುಕೊಳ್ಳಿ, ಕುಗ್ಗಿಸುವುದನ್ನು ಆಮೇಲೆ ಮಾಡಿ. ಆಗ ಎಷ್ಟು ಹೊತ್ತು ಹಿಡಿದರೂ ಪರವಾಗಿಲ್ಲ.

ಇದಕ್ಕೆ ನಾನು ಬಳಸುವುದು ಎಫ್‌ಎಫ್‌ಎಂಪೆಗ್. 2000ದಲ್ಲಿ ಶುರುವಾದ ಉಚಿತ ಸಾಫ್ಟ್‌ವೇರ್ ಇದು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಕಿಟಕಿ, ಬಟನ್, ಪ್ರಿವ್ಯೂ ಯಾವುದೂ ಇಲ್ಲದಿರುವುದರಿಂದ ಹಳೆ ಯಂತ್ರಕ್ಕೆ ಹೊರೆ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು, ಎಲ್ಲಿ ಎಡವುತ್ತಿದೆ ಅನ್ನುವುದನ್ನು ಅದು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡು ಟೈಪ್ ಮಾಡುವ ಕಿಟಕಿಯಲ್ಲಿ, ತಾನೇ ಬರೆದು ತೋರಿಸುತ್ತದೆ. ನಾವು ಓದಬೇಕು, ಅಷ್ಟೇ.

ಒಂದು ಮಾತು ಮೊದಲೇ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಹೆಸರನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿ. ಗೀಟು, ಕೆಳಗೀಟು, ಕೋಲನ್ ಎಲ್ಲಾ ಇದ್ದ ಹಾಗೇ ಇರಲಿ. ಸ್ಪೆಲ್ಲಿಂಗ್ ಅನುಮಾನ ಬಂದರೆ "ಎಫ್‌ಎಫ್‌ಎಂಪೆಗ್ -ಎಚ್ ಫುಲ್" ಅಂತ ಕೊಡಿ, ಎಲ್ಲಾ ಆಯ್ಕೆಗಳ ಪಟ್ಟಿ ಬರುತ್ತದೆ. ಪಟ್ಟಿ ತುಂಬಾ ಉದ್ದ ಇರುತ್ತದೆ, ಫೈಲಿಗೆ ಉಳಿಸಿಕೊಂಡು ಹುಡುಕುವುದು ಸುಲಭ.

ಮೊದಲು ಆ ಕೊನೆಯ ಸಾಲು ಓದಿ

ರೆಕಾರ್ಡ್ ಆಗುತ್ತಿರುವಾಗ ಟರ್ಮಿನಲ್‌ನ ಕೊನೆಯಲ್ಲಿ ಒಂದು ಸಾಲು ಬದಲಾಗುತ್ತಾ ಇರುತ್ತದೆ. ಫ್ರೇಮ್, ಎಫ್‌ಪಿಎಸ್, ಸೈಜ್, ಟೈಮ್, ಬಿಟ್‌ರೇಟ್, ಡೂಪ್, ಡ್ರಾಪ್, ಸ್ಪೀಡ್ ಅಂತ. ನಮಗೆ ಬೇಕಾಗಿರುವುದು ನಾಲ್ಕೇ.

ಸ್ಪೀಡ್ ಅನ್ನುವುದು 1ರ ಹತ್ತಿರ ನಿಂತಿರಬೇಕು. 0.7 ಅಂತ ತೋರಿಸುತ್ತಿದ್ದರೆ ಒಂದು ಸೆಕೆಂಡಿನಲ್ಲಿ 0.7 ಸೆಕೆಂಡಿನಷ್ಟು ವಿಡಿಯೊ ಮಾತ್ರ ಸಂಭಾಳಿಸಲು ಆಗುತ್ತಿದೆ, ಉಳಿದದ್ದು ಬಫರ್ ಅನ್ನುವ ತಾತ್ಕಾಲಿಕ ಜಾಗದಲ್ಲಿ ಕಾಯುತ್ತಿದೆ ಇಲ್ಲಾ ಬಿದ್ದುಹೋಗುತ್ತಿದೆ. ಶುರುವಿನ ಕೆಲವು ಸೆಕೆಂಡು ಈ ಅಂಕಿ ಕುಣಿಯುತ್ತದೆ, ಅದನ್ನು ನಂಬಬೇಡಿ. ಅರ್ಧ ನಿಮಿಷ ಬಿಟ್ಟು ನೋಡಿ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರ, ಅನ್ನುವ ಅಂಕಿ) ನೀವು ಕೇಳಿದ ಫ್ರೇಮ್‌ರೇಟ್‌ಗೆ ಹತ್ತಿರ ಇರಬೇಕು. ಡ್ರಾಪ್ ಅಂಕಿ ಏರುತ್ತಾ ಹೋದರೆ ಫ್ರೇಮ್ ಬಿಡುತ್ತಿದೆ ಅಂತ. ಡೂಪ್ ಏರುತ್ತಿದ್ದರೆ, ಕೇಳಿದಷ್ಟು ಫ್ರೇಮ್ ಸಿಗದೆ ಇದ್ದದ್ದನ್ನೇ ಎರಡೆರಡು ಸಲ ಹಾಕುತ್ತಿದೆ ಅಂತ ಅರ್ಥ. ಸಾಮಾನ್ಯವಾಗಿ ಆಗ ತೊಂದರೆ ಇರುವುದು ಕ್ಯಾಮೆರಾ ಕಡೆ.

ಸಾಲು ಓಡಿಹೋಗುತ್ತದೆ, ಓದಲಾಗುವುದಿಲ್ಲ ಅನ್ನುವವರು ಕಮಾಂಡಿಗೆ "-ರಿಪೋರ್ಟ್" ಸೇರಿಸಿ. ಅದೇ ಫೋಲ್ಡರಿನಲ್ಲಿ ದಿನಾಂಕ, ಸಮಯ ಇರುವ ಹೆಸರಿನ ಲಾಗ್ ಫೈಲ್ ಉಳಿಯುತ್ತದೆ. ಆಮೇಲೆ ಸಮಾಧಾನವಾಗಿ ಓದಬಹುದು.

ಮೂರು ಪರೀಕ್ಷೆ: ತಪ್ಪು ಎಲ್ಲಿದೆ?

ಇದು ಈ ಲೇಖನದ ಮುಖ್ಯ ಭಾಗ, ಇದನ್ನು ಮಾತ್ರ ಹಾರಿಸಬೇಡಿ. ರೆಕಾರ್ಡಿಂಗ್‌ನಲ್ಲಿ ಮೂರು ಹಂತ ಇದೆ: ಚಿತ್ರ ಹಿಡಿಯುವುದು, ಅದನ್ನು ಎನ್‌ಕೋಡ್ ಮಾಡುವುದು (ಕುಗ್ಗಿಸಿ ವಿಡಿಯೊ ಫಾರ್ಮ್ಯಾಟಿಗೆ ತರುವುದು), ಡಿಸ್ಕಿಗೆ ಬರೆಯುವುದು. ಮೂರನ್ನೂ ಬೇರೆ ಬೇರೆ ಮಾಡಿ ನೋಡಿದರೆ ಯಾವುದು ಕುಂಟುತ್ತಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹೀಗೆ ನೋಡದೆ ಒಂದೊಂದೇ ಸೆಟ್ಟಿಂಗ್ ಬದಲಾಯಿಸುತ್ತಾ ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ.

ಲಿನಕ್ಸ್‌ನಲ್ಲಿ ಸ್ಕ್ರೀನ್ ಹಿಡಿಯುವ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ಪರೀಕ್ಷೆ, ಹಿಡಿಯುವುದು ಮಾತ್ರ:

ಎಫ್‌ಎಫ್‌ಎಂಪೆಗ್ -ಎಫ್ ಎಕ್ಸ್11ಗ್ರ್ಯಾಬ್ -ಫ್ರೇಮ್‌ರೇಟ್ 30 -ವಿಡಿಯೊ_ಸೈಜ್ 1280ಎಕ್ಸ್720 -ಐ :0.0 -ಟಿ 60 -ಎಫ್ ನಲ್ -

ಕೊನೆಯ "-ಎಫ್ ನಲ್ -" ಅಂದರೆ ಎಲ್ಲೂ ಬರೆಯಬೇಡ, ಬಿಸಾಕು ಅಂತ. ಇಲ್ಲಿ ಎನ್‌ಕೋಡಿಂಗ್ ಇಲ್ಲ, ಡಿಸ್ಕ್ ಇಲ್ಲ. ಇಲ್ಲೇ ಸ್ಪೀಡ್ 1ಕ್ಕಿಂತ ಕೆಳಗೆ ಬಿದ್ದರೆ ಎನ್‌ಕೋಡರ್ ಸೆಟ್ಟಿಂಗ್ ಏನು ಬದಲಾಯಿಸಿದರೂ ಪ್ರಯೋಜನ ಇಲ್ಲ.

ಎರಡನೆಯದು, ಅದೇ ಕಮಾಂಡು, ಆದರೆ "-ಟಿ 60" ಆದಮೇಲೆ "-ಸಿ:ವಿ ಲಿಬ್‌ಎಕ್ಸ್264 -ಪ್ರೀಸೆಟ್ ಅಲ್ಟ್ರಾಫಾಸ್ಟ್" ಸೇರಿಸಿ. ಲಿಬ್‌ಎಕ್ಸ್264 ಅಂದರೆ ಎಕ್ಸ್264 ಅನ್ನುವ ಎನ್‌ಕೋಡರ್, ಪ್ರೀಸೆಟ್ ಅಂದರೆ ಅದರ ವೇಗದ ಸೆಟ್ಟಿಂಗ್. ಈಗ ಎನ್‌ಕೋಡ್ ಆಗುತ್ತದೆ, ಆದರೆ ಬರೆಯುವುದಿಲ್ಲ. ಮೊದಲನೆಯದು ಪಾಸಾಗಿ ಇದು ಫೇಲಾದರೆ ಪ್ರೊಸೆಸರ್‌ಗೆ ಭಾರವಾಗುತ್ತಿದೆ.

ಮೂರನೆಯದು, "-ಎಫ್ ನಲ್ -" ತೆಗೆದು ಫೈಲ್ ಹೆಸರು ಕೊಡಿ, "ಟೆಸ್ಟ್.ಎಂಕೆವಿ" ಅಂತ. ಮೊದಲೆರಡು ಸರಿ ಇದ್ದು ಇದು ಮಾತ್ರ ಎಡವಿದರೆ ಡಿಸ್ಕ್ ನಿಧಾನ.

ಮೂರೂ ಸರಿ, ಆದರೂ ವಿಡಿಯೊ ತಡೆಯುತ್ತಿದೆಯಾ? ಹಾಗಾದರೆ ರೆಕಾರ್ಡಿಂಗ್ ಚೆನ್ನಾಗಿದೆ, ಓಡಿಸಿ ತೋರಿಸುವುದು ಆ ಕಂಪ್ಯೂಟರ್‌ಗೆ ಕಷ್ಟವಾಗುತ್ತಿದೆ. "ಎಫ್‌ಎಫ್‌ಎಂಪೆಗ್ -ಐ ಟೆಸ್ಟ್.ಎಂಕೆವಿ -ಎಫ್ ನಲ್ -" ಕೊಟ್ಟು ನೋಡಿ. ಇದು ಫೈಲನ್ನು ಎಷ್ಟು ವೇಗವಾಗಿ ಬಿಡಿಸಬಹುದು ಅಂತ ತೋರಿಸುತ್ತದೆ. ಇಲ್ಲಿ ಸ್ಪೀಡ್ 1ಕ್ಕಿಂತ ಸ್ವಲ್ಪವೇ ಮೇಲಿದ್ದರೂ ಪ್ಲೇಯರ್‌ನಲ್ಲಿ ತಡೆಯುತ್ತದೆ, ಯಾಕಂದರೆ ಪರದೆ ಮೇಲೆ ಬಿಡಿಸುವ ಕೆಲಸ ಬೇರೆ ಇರುತ್ತದಲ್ಲ. ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲೋ ಫೋನಿನಲ್ಲೋ ಓಡಿಸಿದರೆ ಅನುಮಾನ ಪರಿಹಾರ.

ವಿಂಡೋಸ್‌ನಲ್ಲಿ ಎಕ್ಸ್11ಗ್ರ್ಯಾಬ್ ಜಾಗದಲ್ಲಿ "ಜಿಡಿಐಗ್ರ್ಯಾಬ್", "-ಐ" ಮುಂದೆ "ಡೆಸ್ಕ್‌ಟಾಪ್". ಕ್ಯಾಮೆರಾಗೆ ಲಿನಕ್ಸ್‌ನಲ್ಲಿ "ವಿ4ಎಲ್2", ವಿಂಡೋಸ್‌ನಲ್ಲಿ "ಡಿಶೋ", ಮ್ಯಾಕ್‌ನಲ್ಲಿ "ಎವಿಫೌಂಡೇಶನ್". ಪರೀಕ್ಷೆಯ ಕ್ರಮ ಎಲ್ಲಕ್ಕೂ ಒಂದೇ.

ಹಿಡಿಯುವಾಗಲೇ ತಪ್ಪಾದರೆ

ಮೊದಲು ಕಮಾಂಡಿನ ಕ್ರಮ ನೋಡಿ. ಎಫ್‌ಎಫ್‌ಎಂಪೆಗ್‌ನಲ್ಲಿ "-ಐ"ಗಿಂತ ಮುಂಚೆ ಬರೆದದ್ದು ಒಳಗೆ ಬರುವುದಕ್ಕೆ, ಆಮೇಲೆ ಬರೆದದ್ದು ಹೊರಗೆ ಹೋಗುವುದಕ್ಕೆ. ಫ್ರೇಮ್‌ರೇಟನ್ನು "-ಐ" ಆದಮೇಲೆ "-ಆರ್ 15" ಅಂತ ಕೊಟ್ಟರೆ ಅದು ಮೊದಲು ಸುಮಾರು 30 ಫ್ರೇಮ್ ಹಿಡಿದು, ಆಮೇಲೆ ಅರ್ಧ ಬಿಸಾಕುತ್ತದೆ. ಅಂದರೆ ಹಿಡಿಯುವ ಹೊರೆ ಇಳಿಯಲೇ ಇಲ್ಲ. ಬೇರೆ ಬೇರೆ ಕಡೆಯಿಂದ ಕಾಪಿ ಮಾಡಿದ ಕಮಾಂಡುಗಳಲ್ಲಿ ಈ ತಪ್ಪು ತುಂಬಾ ಕಾಣುತ್ತದೆ.

ಇನ್ನು ವೆಬ್‌ಕ್ಯಾಮ್. 720ಪಿ ಕ್ಯಾಮೆರಾ ಅಂತ ಬರೆದಿರುತ್ತದೆ, ರೆಕಾರ್ಡ್ ಮಾಡಿದರೆ ಸೆಕೆಂಡಿಗೆ ಹತ್ತೇ ಫ್ರೇಮ್. ಕ್ಯಾಮೆರಾ ಕೆಟ್ಟಿಲ್ಲ. ಲೆಕ್ಕ ಹಾಕಿ ನೋಡಿ: ವೈಯುವೈವಿ ಅನ್ನುವ ಕುಗ್ಗಿಸದ ಫಾರ್ಮ್ಯಾಟಿನಲ್ಲಿ ಒಂದು ಪಿಕ್ಸೆಲ್‌ಗೆ 2 ಬೈಟ್. 1280 ಗುಣಿಸು 720 ಗುಣಿಸು 2, ಅದನ್ನು 30 ಫ್ರೇಮ್‌ಗೆ ಗುಣಿಸಿದರೆ ಸೆಕೆಂಡಿಗೆ ಸುಮಾರು 55 ಮೆಗಾಬೈಟ್. ಯುಎಸ್‌ಬಿ 2.0 ವೇಗ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್, ನಿಜವಾಗಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಆ ತಂತಿಯಲ್ಲಿ ಅಷ್ಟು ಹೋಗಲು ಜಾಗವೇ ಇಲ್ಲ. ಅದಕ್ಕೇ ಕ್ಯಾಮೆರಾ ಫ್ರೇಮ್ ಕಡಿಮೆ ಮಾಡಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಎಂಜೆಪೆಗ್. ಕ್ಯಾಮೆರಾ ತನ್ನೊಳಗೇ ಪ್ರತಿ ಫ್ರೇಮನ್ನು ಜೆಪೆಗ್ ಮಾಡಿ ಕಳಿಸುತ್ತದೆ. ಲಿನಕ್ಸ್‌ನಲ್ಲಿ "-ಐ"ಗೆ ಮುಂಚೆ "-ಇನ್‌ಪುಟ್_ಫಾರ್ಮ್ಯಾಟ್ ಎಂಜೆಪೆಗ್", ವಿಂಡೋಸ್‌ನ ಡಿಶೋದಲ್ಲಿ "-ವಿಕೋಡೆಕ್ ಎಂಜೆಪೆಗ್". ನಿಮ್ಮ ಕ್ಯಾಮೆರಾ ಏನೇನು ಕೊಡುತ್ತದೆ ಅಂತ ತಿಳಿಯಲು ಲಿನಕ್ಸ್‌ನಲ್ಲಿ "ಎಫ್‌ಎಫ್‌ಎಂಪೆಗ್ -ಎಫ್ ವಿ4ಎಲ್2 -ಲಿಸ್ಟ್_ಫಾರ್ಮ್ಯಾಟ್ಸ್ ಆಲ್ -ಐ /ಡೆವ್/ವಿಡಿಯೊ0", ವಿಂಡೋಸ್‌ನಲ್ಲಿ "-ಲಿಸ್ಟ್_ಆಪ್ಶನ್ಸ್ ಟ್ರೂ". ಇದನ್ನು ಬದಲಾಯಿಸಿದ ಕೂಡಲೇ ಎಫ್‌ಪಿಎಸ್ 10ರಿಂದ 30ಕ್ಕೆ ಹಾರುವುದನ್ನು ನೋಡಿದರೆ ನಿಜಕ್ಕೂ ಖುಷಿಯಾಗುತ್ತದೆ.

ಎಂಜೆಪೆಗ್ ಕೊಟ್ಟರೂ ಎಫ್‌ಪಿಎಸ್ 15ರ ಆಸುಪಾಸಿನಲ್ಲೇ ಇದ್ದರೆ ಕೋಣೆಯ ಬೆಳಕು ನೋಡಿ. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ತೆರೆದುಕೊಳ್ಳುತ್ತದೆ, ತಾನಾಗಿಯೇ ಫ್ರೇಮ್‌ರೇಟ್ ಇಳಿಸುತ್ತದೆ. ಒಂದು ದೀಪ ಹಾಕಿ ಮತ್ತೆ ಪರೀಕ್ಷೆ ಮಾಡಿ. ಸಾಫ್ಟ್‌ವೇರಿನಲ್ಲಿ ತಾಸುಗಟ್ಟಲೆ ಹುಡುಕುವ ತಪ್ಪು ಎಷ್ಟೋ ಸಲ ಇದೇ ಆಗಿರುತ್ತದೆ. ದೀಪ ಹಾಕಲು ಆಗದಿದ್ದರೆ, ಲಿನಕ್ಸ್‌ನ "ವಿ4ಎಲ್2-ಸಿಟಿಎಲ್" ಮೂಲಕ ಈ ತಾನಾಗಿ ಇಳಿಸುವ ಎಕ್ಸ್‌ಪೋಶರ್ ಸೆಟ್ಟಿಂಗನ್ನು ಆಫ್ ಮಾಡಬಹುದು. ಚಿತ್ರ ಕಪ್ಪಾಗುತ್ತದೆ, ಆದರೆ ಸರಾಗವಾಗಿ ಓಡುತ್ತದೆ.

ಸ್ಕ್ರೀನ್ ರೆಕಾರ್ಡಿಂಗ್ ಪೂರ್ತಿ ಕಪ್ಪು ಬಂದರೆ ಕಾರಣ ಬೇರೆ. ಲಿನಕ್ಸ್‌ನಲ್ಲಿ ನೀವು ವೇಲ್ಯಾಂಡ್ (ಪರದೆ ತೋರಿಸುವ ಹೊಸ ವ್ಯವಸ್ಥೆ, ಹಳೆಯದು ಎಕ್ಸ್‌ಆರ್ಗ್) ಸೆಶನ್‌ನಲ್ಲಿ ಇದ್ದೀರಿ ಅಂತ ಅರ್ಥ, ಎಕ್ಸ್11ಗ್ರ್ಯಾಬ್‌ಗೆ ಅಲ್ಲಿ ಪರದೆ ಕಾಣುವುದಿಲ್ಲ. ಲಾಗ್ ಔಟ್ ಮಾಡಿ, ಲಾಗಿನ್ ಪರದೆಯಲ್ಲಿ ಎಕ್ಸ್‌ಆರ್ಗ್ ಸೆಶನ್ ಇದ್ದರೆ ಅದನ್ನು ಆರಿಸಿಕೊಳ್ಳಿ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಈಚೆಗೆ ಟರ್ಮಿನಲ್‌ಗೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಡಲೇಬೇಕು. ವಿಂಡೋಸ್‌ನಲ್ಲಿ ಬ್ರೌಸರ್ ಕಿಟಕಿ ಒಂದೇ ಕಪ್ಪು ಬಂದರೆ ಆ ಬ್ರೌಸರಿನ ಹಾರ್ಡ್‌ವೇರ್ ಆಕ್ಸಲರೇಶನ್ ಆಫ್ ಮಾಡಿ ನೋಡಿ.

"ಡಿವೈಸ್ ಆರ್ ರಿಸೋರ್ಸ್ ಬಿಜಿ" ಅಂತ ಬಂದರೆ ಬೇರೆ ಯಾವುದೋ ಪ್ರೋಗ್ರಾಂ ಕ್ಯಾಮೆರಾ ಹಿಡಿದುಕೊಂಡಿದೆ. "ಪರ್ಮಿಶನ್ ಡಿನೈಡ್" ಬಂದರೆ ಲಿನಕ್ಸ್‌ನಲ್ಲಿ ನಿಮ್ಮ ಬಳಕೆದಾರ ಹೆಸರು "ವಿಡಿಯೊ" ಗುಂಪಿನಲ್ಲಿ ಇದೆಯಾ ನೋಡಿ.

ಹಳೆ ವಿಎಚ್‌ಎಸ್ ಟೇಪುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನದಿಂದ ಹಿಡಿಯುವವರಿಗೆ ಎರಡು ಮಾತು. ಚಿತ್ರ ಕಪ್ಪುಬಿಳುಪಾಗಿ ಬಂದರೆ, ಇಲ್ಲಾ ಮೇಲಕ್ಕೆ ಉರುಳುತ್ತಿದ್ದರೆ, ಟಿವಿ ಸ್ಟ್ಯಾಂಡರ್ಡ್ ತಪ್ಪಾಗಿದೆ. "-ಸ್ಟ್ಯಾಂಡರ್ಡ್ ಪಾಲ್" ಇಲ್ಲಾ "ಎನ್‌ಟಿಎಸ್‌ಸಿ" ಅಂತ "-ಐ"ಗೆ ಮುಂಚೆ ಹೇಳಿ. ಪಾಲ್ ಟೇಪಿಗೆ 720 ಗುಣಿಸು 576, ಸೆಕೆಂಡಿಗೆ 25 ಫ್ರೇಮ್. ಎನ್‌ಟಿಎಸ್‌ಸಿಗೆ 720 ಗುಣಿಸು 480, 29.97 ಫ್ರೇಮ್. ಅಲ್ಲಾಡುವ ವಸ್ತುಗಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಂಡರೆ ಅದು ಇಂಟರ್‌ಲೇಸಿಂಗ್ (ಒಂದು ಫ್ರೇಮನ್ನು ಗೆರೆ ಬಿಟ್ಟು ಗೆರೆ ಎರಡು ಕಂತಿನಲ್ಲಿ ಹಿಡಿಯುವ ಹಳೆ ಟಿವಿ ಪದ್ಧತಿ), ತಪ್ಪಲ್ಲ. ರೆಕಾರ್ಡ್ ಮಾಡುವಾಗ ಅದನ್ನು ಮುಟ್ಟಬೇಡಿ. ಆಮೇಲೆ ಕನ್ವರ್ಟ್ ಮಾಡುವಾಗ "-ವಿಎಫ್ ಯಾಡಿಫ್" ಹಾಕಿದರೆ ಹೋಗುತ್ತದೆ.

ಪ್ರೊಸೆಸರ್‌ಗೆ ಭಾರವಾದರೆ

ಇಲ್ಲಿ ನನ್ನ ಮೊದಲ ಸಲಹೆ, ಎನ್‌ಕೋಡ್ ಮಾಡುವುದನ್ನೇ ಬಿಟ್ಟುಬಿಡಿ. ಕ್ಯಾಮೆರಾದಿಂದ ಎಂಜೆಪೆಗ್ ಬರುತ್ತಿದೆಯಲ್ಲ, ಅದನ್ನು ಬಿಡಿಸಿ ಮತ್ತೆ ಕಟ್ಟುವುದು ಯಾಕೆ? ಬಂದ ಹಾಗೇ ಫೈಲಿಗೆ ಹಾಕಿ:

ಎಫ್‌ಎಫ್‌ಎಂಪೆಗ್ -ಎಫ್ ವಿ4ಎಲ್2 -ಇನ್‌ಪುಟ್_ಫಾರ್ಮ್ಯಾಟ್ ಎಂಜೆಪೆಗ್ -ಫ್ರೇಮ್‌ರೇಟ್ 30 -ವಿಡಿಯೊ_ಸೈಜ್ 1280ಎಕ್ಸ್720 -ಐ /ಡೆವ್/ವಿಡಿಯೊ0 -ಸಿ:ವಿ ಕಾಪಿ ಕ್ಯಾಮೆರಾ.ಎಂಕೆವಿ

ಪ್ರೊಸೆಸರ್ ಬಳಕೆ ಹೆಚ್ಚುಕಡಿಮೆ ಸೊನ್ನೆ. ಫೈಲ್ ದೊಡ್ಡದಾಗುತ್ತದೆ, ಆಗಲಿ, ಆಮೇಲೆ ಕುಗ್ಗಿಸೋಣ.

ಸ್ಕ್ರೀನ್ ಹಿಡಿಯುವಾಗ ಈ ದಾರಿ ಇಲ್ಲ, ಏನಾದರೂ ಎನ್‌ಕೋಡ್ ಮಾಡಲೇಬೇಕು. ಎಕ್ಸ್264 ಬಳಸುವುದಾದರೆ ಪ್ರೀಸೆಟ್ ಅಲ್ಟ್ರಾಫಾಸ್ಟ್. ಇಲ್ಲಿ ಜನ ಹೆದರುತ್ತಾರೆ, ವೇಗ ಜಾಸ್ತಿ ಅಂದರೆ ಗುಣಮಟ್ಟ ಕೆಡುತ್ತದೆ ಅಂತ. "-ಸಿಆರ್‌ಎಫ್" ಅಂಕಿ ಸಣ್ಣದಿಟ್ಟರೆ ಹಾಗೇನೂ ಆಗುವುದಿಲ್ಲ. ಪ್ರೀಸೆಟ್ ಬದಲಾಯಿಸಿದಾಗ ಮುಖ್ಯವಾಗಿ ಕೆಡುವುದು ಫೈಲಿನ ಗಾತ್ರ. ಸಿಆರ್‌ಎಫ್ 0ರಿಂದ 51ರವರೆಗೆ ಇದೆ, ಏನೂ ಹೇಳದಿದ್ದರೆ 23. ಕಡಿಮೆ ಅಂಕಿ ಅಂದರೆ ಒಳ್ಳೆ ಚಿತ್ರ. ರೆಕಾರ್ಡಿಂಗ್‌ಗೆ ಅಲ್ಟ್ರಾಫಾಸ್ಟ್ ಜೊತೆ 16 ಅಥವಾ 18 ಇಡಿ. ಇನ್ನೊಂದು ಲಾಭ ಏನೆಂದರೆ ಅಲ್ಟ್ರಾಫಾಸ್ಟ್‌ನಲ್ಲಿ ಮಾಡಿದ ಫೈಲನ್ನು ಓಡಿಸುವುದೂ ಹಳೆ ಯಂತ್ರಕ್ಕೆ ಹಗುರ.

ಅದೂ ಭಾರವಾದರೆ ಫ್ರೇಮ್‌ರೇಟ್ ಇಳಿಸಿ. ಪಾಠ ಹೇಳುವ, ಸಾಫ್ಟ್‌ವೇರ್ ತೋರಿಸುವ ವಿಡಿಯೊಗೆ ಸೆಕೆಂಡಿಗೆ 15 ಫ್ರೇಮ್ ಧಾರಾಳ ಸಾಕು. 30ರಿಂದ 15ಕ್ಕೆ ಇಳಿಸಿದರೆ ಹಿಡಿಯುವುದು, ಎನ್‌ಕೋಡ್ ಮಾಡುವುದು, ಬರೆಯುವುದು ಮೂರೂ ಸರಿಸುಮಾರು ಅರ್ಧ ಆಗುತ್ತದೆ. ಇಷ್ಟು ದೊಡ್ಡ ಲಾಭ ಕೊಡುವ ಬೇರೆ ಬದಲಾವಣೆ ನನಗೆ ಗೊತ್ತಿಲ್ಲ. ಆಮೇಲೆ ಬೇಕಿದ್ದರೆ ಪರದೆಯ ರೆಸಲ್ಯೂಶನ್ ಅನ್ನೇ ಇಳಿಸಿ. ದೊಡ್ಡದಾಗಿ ಹಿಡಿದು ಸ್ಕೇಲ್ ಫಿಲ್ಟರ್‌ನಲ್ಲಿ ಸಣ್ಣದು ಮಾಡಬೇಡಿ, ಆ ಸ್ಕೇಲಿಂಗೂ ಪ್ರೊಸೆಸರ್ ತಿನ್ನುತ್ತದೆ.

ಹಾರ್ಡ್‌ವೇರ್ ಎನ್‌ಕೋಡರ್ (ಎನ್‌ಕೋಡ್ ಮಾಡಲೆಂದೇ ಚಿಪ್ಪಿನೊಳಗೆ ಇರುವ ಭಾಗ) ಇದೆಯಾ ಅಂತಲೂ ನೋಡಿ. ಇಂಟೆಲ್‌ನ ಕ್ವಿಕ್ ಸಿಂಕ್ 2011ರ ಸ್ಯಾಂಡಿ ಬ್ರಿಜ್ ಪ್ರೊಸೆಸರ್‌ಗಳಿಂದ ಇದೆ. ಎನ್‌ವಿಡಿಯಾದ ಎನ್‌ವೆಂಕ್ 2012ರ ಕೆಪ್ಲರ್ ಕಾರ್ಡ್‌ಗಳಿಂದ. ಅದಕ್ಕಿಂತ ಹಳೆಯದಾದರೆ ಈ ಆಸೆ ಬಿಡಿ. ಲಿನಕ್ಸ್‌ನಲ್ಲಿ ಇಂಟೆಲ್ ಇದ್ದರೆ "-ಐ"ಗೆ ಮುಂಚೆ "-ವಿಎಎಪಿಐ_ಡಿವೈಸ್ /ಡೆವ್/ಡಿಆರ್‌ಐ/ರೆಂಡರ್‌ಡಿ128" (ರೆಂಡರ್ ಪಕ್ಕದ ಡಿ ಮಾತ್ರ ದೊಡ್ಡಕ್ಷರ), ಆಮೇಲೆ "-ವಿಎಫ್ ಫಾರ್ಮ್ಯಾಟ್=ಎನ್‌ವಿ12,ಎಚ್‌ಡಬ್ಲ್ಯೂಅಪ್‌ಲೋಡ್ -ಸಿ:ವಿ ಎಚ್264_ವಿಎಎಪಿಐ". ಹಳೆ ಎನ್‌ವಿಡಿಯಾ ಕಾರ್ಡ್‌ನಲ್ಲಿ ಡ್ರೈವರ್ ಬೇಕಾದ ಎನ್‌ವೆಂಕ್ ಆವೃತ್ತಿಗೆ ಹೊಂದುವುದಿಲ್ಲ ಅಂತ ಬಂದರೆ, ಆ ಕಾರ್ಡಿಗೆ ಹೊಸ ಡ್ರೈವರ್ ಇದೆಯಾ ನೋಡಿ. ಇಲ್ಲದಿದ್ದರೆ ಹಳೆ ಎಫ್‌ಎಫ್‌ಎಂಪೆಗ್ ಆವೃತ್ತಿ ಹಾಕಿಕೊಳ್ಳಬೇಕು.

"ಅನ್‌ನೋನ್ ಎನ್‌ಕೋಡರ್ ಲಿಬ್‌ಎಕ್ಸ್264" ಅಂತ ಬಂದರೆ ನಿಮ್ಮಲ್ಲಿರುವ ಬಿಲ್ಡ್‌ನಲ್ಲಿ (ಎಫ್‌ಎಫ್‌ಎಂಪೆಗ್‌ನ ಸಿದ್ಧ ಪ್ರತಿಯಲ್ಲಿ) ಅದನ್ನು ಸೇರಿಸಿಲ್ಲ. "ಎಫ್‌ಎಫ್‌ಎಂಪೆಗ್ -ಎನ್‌ಕೋಡರ್ಸ್" ಕೊಟ್ಟು ಏನಿದೆ ನೋಡಿ. ಎಂಪೆಗ್4 ಎನ್‌ಕೋಡರ್ ಎಫ್‌ಎಫ್‌ಎಂಪೆಗ್‌ನ ಒಳಗೇ ಬರುತ್ತದೆ. "-ಸಿ:ವಿ ಎಂಪೆಗ್4 -ಕ್ಯೂ:ವಿ 3" ಅಂತ ಕೊಟ್ಟರೆ ಒಳ್ಳೆ ಫಲ ಬರುತ್ತದೆ.

ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸ್ಪೀಡ್ ಇಳಿಯುತ್ತಾ ಹೋದರೆ ಅದು ಬಿಸಿ. ಹಳೆ ಲ್ಯಾಪ್‌ಟಾಪಿನ ಫ್ಯಾನ್‌ನಲ್ಲಿ ಧೂಳು ಕಟ್ಟಿ ಪ್ರೊಸೆಸರ್ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಫ್ಯಾನ್ ಸ್ವಚ್ಛ ಮಾಡಿ. ಚಾರ್ಜರ್ ಹಾಕಿಯೇ ರೆಕಾರ್ಡ್ ಮಾಡಿ, ಬ್ಯಾಟರಿಯಲ್ಲಿ ಓಡುವಾಗ ವೇಗ ಇಳಿಸುವ ಸೆಟ್ಟಿಂಗ್ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತದೆ.

ಡಿಸ್ಕ್ ನಿಧಾನವಾದರೆ

ಕುಗ್ಗಿಸದೇ ಬರೆಯುವ ಆಸೆ ಬೇಡ. 720ಪಿ ಸ್ಕ್ರೀನ್, ಪಿಕ್ಸೆಲ್‌ಗೆ 4 ಬೈಟ್, 30 ಫ್ರೇಮ್ ಅಂದರೆ ಸೆಕೆಂಡಿಗೆ ಸುಮಾರು 110 ಮೆಗಾಬೈಟ್. ಹಳೆ ತಿರುಗುವ ಹಾರ್ಡ್ ಡಿಸ್ಕ್ ಅದನ್ನು ಸಂಭಾಳಿಸುವುದು ಕಷ್ಟ. ಎಕ್ಸ್264 ಅಥವಾ ಎಂಜೆಪೆಗ್ ಆದರೆ ಇದರ ಒಂದು ಚೂರು ಮಾತ್ರ. ಪೆನ್‌ಡ್ರೈವ್‌ಗೆ ನೇರ ರೆಕಾರ್ಡ್ ಮಾಡಬೇಡಿ, ಒಳಗಿನ ಡಿಸ್ಕಿಗೆ ಮಾಡಿ ಆಮೇಲೆ ಕಾಪಿ ಮಾಡಿ.

ರೆಕಾರ್ಡಿಂಗ್ ಸರಿಯಾಗಿ 4 ಜಿಬಿ ಹತ್ತಿರ ನಿಂತುಹೋಗುತ್ತಿದ್ದರೆ ಆ ಡಿಸ್ಕ್ ಫ್ಯಾಟ್32, ಒಂದು ಫೈಲ್ ಅದಕ್ಕಿಂತ ದೊಡ್ಡದಾಗುವಂತಿಲ್ಲ. ತುಂಡು ತುಂಡಾಗಿ ಬರೆಯಿರಿ: ಕೊನೆಯಲ್ಲಿ "-ಎಫ್ ಸೆಗ್ಮೆಂಟ್ -ಸೆಗ್ಮೆಂಟ್_ಟೈಮ್ 600 -ರೀಸೆಟ್_ಟೈಮ್‌ಸ್ಟ್ಯಾಂಪ್ಸ್ 1 ಭಾಗ%03ಡಿ.ಎಂಕೆವಿ". ಹತ್ತು ನಿಮಿಷಕ್ಕೊಂದು ಫೈಲ್. ಕರೆಂಟ್ ಹೋದರೂ ಹಿಂದಿನ ತುಂಡುಗಳೆಲ್ಲಾ ಉಳಿಯುತ್ತವೆ. ಉದ್ದದ ಕಾರ್ಯಕ್ರಮ ಹಿಡಿಯುವವರು ಡಿಸ್ಕ್ ಯಾವುದಾದರೂ ಇರಲಿ, ಹೀಗೇ ಮಾಡುವುದು ಒಳ್ಳೆಯದು.

ಧ್ವನಿ ಹೊಂದದಿದ್ದರೆ

ಇದರಲ್ಲಿ ಎರಡು ಬಗೆ ಇದೆ. ಎರಡನ್ನೂ ಒಂದೇ ಅಂದುಕೊಂಡರೆ ತಲೆ ಕೆಡುತ್ತದೆ. ಫೈಲಿನ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ನೋಡಿ. ಎರಡೂ ಕಡೆ ವ್ಯತ್ಯಾಸ ಒಂದೇ ಇದ್ದರೆ ಅದು ಬರೀ ತಡ. ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ಜಾಸ್ತಿಯಾದರೆ ಅದು ಜಾರುವಿಕೆ. ಪರೀಕ್ಷೆಗೆ ಸುಲಭ ಉಪಾಯ, ರೆಕಾರ್ಡಿಂಗ್‌ನ ಶುರುವಿನಲ್ಲೂ ಕೊನೆಯಲ್ಲೂ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ.

ಬರೀ ತಡ ಆದರೆ ಮತ್ತೆ ಎನ್‌ಕೋಡ್ ಮಾಡುವ ಅಗತ್ಯವೇ ಇಲ್ಲ. ಧ್ವನಿ 0.4 ಸೆಕೆಂಡ್ ಮುಂಚೆ ಬರುತ್ತಿದೆ ಅಂದುಕೊಳ್ಳಿ:

ಎಫ್‌ಎಫ್‌ಎಂಪೆಗ್ -ಐ ಮೂಲ.ಎಂಕೆವಿ -ಐಟಿಎಸ್‌ಆಫ್‌ಸೆಟ್ 0.4 -ಐ ಮೂಲ.ಎಂಕೆವಿ -ಮ್ಯಾಪ್ 0:ವಿ -ಮ್ಯಾಪ್ 1:ಎ -ಸಿ ಕಾಪಿ ಸರಿ.ಎಂಕೆವಿ

ಅದೇ ಫೈಲನ್ನು ಎರಡು ಸಲ ಕೊಟ್ಟು, ಒಂದರಿಂದ ಚಿತ್ರ, ಇನ್ನೊಂದರಿಂದ ತಡ ಮಾಡಿದ ಧ್ವನಿ ತೆಗೆದುಕೊಳ್ಳುತ್ತಿದ್ದೇವೆ. ಧ್ವನಿಯೇ ತಡವಾಗಿ ಬರುತ್ತಿದ್ದರೆ ಅಂಕಿಗೆ ಮೈನಸ್ ಹಾಕಿ.

ಜಾರುವಿಕೆಗೆ ಕಾರಣ ಸಾಮಾನ್ಯವಾಗಿ ಕ್ಯಾಮೆರಾ ಮತ್ತು ಮೈಕ್ ಬೇರೆ ಬೇರೆ ಗಡಿಯಾರದಲ್ಲಿ ಓಡುವುದು. ರೆಕಾರ್ಡ್ ಮಾಡುವಾಗಲೇ "-ಎಎಫ್ ಎರೀಸ್ಯಾಂಪಲ್=ಅಸಿಂಕ್=1000" ಹಾಕಿದರೆ ಧ್ವನಿಯನ್ನು ಚೂರು ಚೂರೇ ಎಳೆದು ಅಥವಾ ಕುಗ್ಗಿಸಿ ಸಮಯಕ್ಕೆ ಹೊಂದಿಸುತ್ತದೆ. ಇಲ್ಲಿ 1000 ಅನ್ನುವುದು ಸೆಕೆಂಡಿಗೆ ಗರಿಷ್ಠ ಎಷ್ಟು ಸ್ಯಾಂಪಲ್ ಹೊಂದಿಸಬಹುದು ಅನ್ನುವ ಮಿತಿ. ಈಗಾಗಲೇ ಹಾಳಾದ ಫೈಲ್ ಆದರೆ ಲೆಕ್ಕ ಹಾಕಿ. ಚಿತ್ರದಲ್ಲಿ ಎರಡು ಚಪ್ಪಾಳೆಗಳ ನಡುವೆ 3600 ಸೆಕೆಂಡ್, ಧ್ವನಿಯಲ್ಲಿ 3603 ಸೆಕೆಂಡ್ ಇದ್ದರೆ, 3603 ಭಾಗಿಸು 3600, ಅಂದರೆ 1.00083. "-ಸಿ:ವಿ ಕಾಪಿ -ಎಎಫ್ ಎಟೆಂಪೊ=1.00083" ಕೊಟ್ಟರೆ ಧ್ವನಿ ಮಾತ್ರ ಅಷ್ಟು ವೇಗವಾಗಿ, ಸ್ವರ ಬದಲಾಗದೆ, ಸರಿಹೊಂದುತ್ತದೆ.

ಧ್ವನಿ ಮಧ್ಯೆ ಮಧ್ಯೆ ಚಟಪಟ ಅನ್ನುತ್ತಿದ್ದು, ಟರ್ಮಿನಲ್‌ನಲ್ಲಿ "ಥ್ರೆಡ್ ಮೆಸೇಜ್ ಕ್ಯೂ ಬ್ಲಾಕಿಂಗ್" ಅಂತ ಬಂದರೆ ಪ್ರತಿ "-ಐ"ಗೆ ಮುಂಚೆಯೂ "-ಥ್ರೆಡ್_ಕ್ಯೂ_ಸೈಜ್ 512" ಹಾಕಿ. ವಿಂಡೋಸ್‌ನಲ್ಲಿ "ರಿಯಲ್ ಟೈಮ್ ಬಫರ್ ಟೂ ಫುಲ್, ಫ್ರೇಮ್ ಡ್ರಾಪ್ಡ್" ಬಂದರೆ "-ಆರ್‌ಟಿಬಫ್‌ಸೈಜ್ 100ಎಂ" (ಎಂ ದೊಡ್ಡಕ್ಷರ). ಆದರೆ ಬಫರ್ ದೊಡ್ಡದು ಮಾಡುವುದು ಆಗೊಮ್ಮೆ ಈಗೊಮ್ಮೆ ಬರುವ ತಡೆಗೆ ಮಾತ್ರ ಮದ್ದು. ಸ್ಪೀಡ್ ಯಾವಾಗಲೂ 0.8ರಲ್ಲಿ ಇದ್ದರೆ ಎಷ್ಟೇ ದೊಡ್ಡ ಬಫರ್ ಆದರೂ ತುಂಬಿಯೇ ತುಂಬುತ್ತದೆ.

ಫೈಲ್ ತೆರೆಯದಿದ್ದರೆ

"ಮೂವ್ ಆಟಮ್ ನಾಟ್ ಫೌಂಡ್." ಈ ಸಾಲು ಕಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ಮಧ್ಯದಲ್ಲಿ ಕಂಪ್ಯೂಟರ್ ಹ್ಯಾಂಗ್ ಆದರೆ, ಟರ್ಮಿನಲ್ ಕಿಟಕಿಯನ್ನೇ ಮುಚ್ಚಿದರೆ, ಸೂಚಿ ಬರೆಯಲು ಅವಕಾಶವೇ ಸಿಗುವುದಿಲ್ಲ. ಚಿತ್ರ ಎಲ್ಲಾ ಒಳಗೆ ಇರುತ್ತದೆ, ತೆರೆಯಲು ದಾರಿ ಇರುವುದಿಲ್ಲ. ಅನ್‌ಟ್ರಂಕ್ ಅನ್ನುವ ಉಚಿತ ಉಪಕರಣ ಇದೆ. ಅದೇ ಸಾಧನದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ ಒಂದು ಒಳ್ಳೆ ಫೈಲನ್ನು ಮಾದರಿಯಾಗಿ ಕೊಟ್ಟರೆ ಕೆಲವೊಮ್ಮೆ ಕೆಟ್ಟದ್ದನ್ನು ಉಳಿಸಿಕೊಡುತ್ತದೆ. ಪ್ರತಿ ಸಲ ಆಗುವುದಿಲ್ಲ.

ಅದಕ್ಕೇ ಹಳೆ ಯಂತ್ರದಲ್ಲಿ ಯಾವತ್ತೂ ನೇರ ಎಂಪಿ4ಗೆ ರೆಕಾರ್ಡ್ ಮಾಡಬೇಡಿ. ಎಂಕೆವಿ ಬಳಸಿ. ಅರ್ಧಕ್ಕೆ ನಿಂತರೂ ಅಲ್ಲಿಯವರೆಗಿನದು ಓಡುತ್ತದೆ. ನಿಲ್ಲಿಸುವಾಗ ಕ್ಯೂ ಅಕ್ಷರ ಒತ್ತಿ, ಸಾಲು ನಿಲ್ಲುವವರೆಗೆ ಕಾಯಿರಿ. ಕಂಟ್ರೋಲ್ ಸಿ ಒಂದು ಸಲ ಒತ್ತಿದರೂ ನಡೆಯುತ್ತದೆ, ಆತುರಕ್ಕೆ ಮತ್ತೆ ಮತ್ತೆ ಒತ್ತಬೇಡಿ.

ಒಂದು ಪ್ಲೇಯರ್‌ನಲ್ಲಿ ಓಡುತ್ತದೆ, ಫೋನಿನಲ್ಲಿ ಓಡುವುದಿಲ್ಲ ಅಂದರೆ ಬಣ್ಣದ ಫಾರ್ಮ್ಯಾಟ್ ಕಾರಣ ಇರಬಹುದು. ಸ್ಕ್ರೀನ್ ಹಿಡಿದಾಗ ಎಕ್ಸ್264 ತಾನಾಗಿ ವೈಯುವಿ444ಪಿ ಬಳಗದ್ದನ್ನು ಆರಿಸಿಕೊಳ್ಳುತ್ತದೆ, ಅದನ್ನು ಬಹಳ ಸಾಧನಗಳು ಓಡಿಸುವುದಿಲ್ಲ. "-ಪಿಕ್ಸ್_ಎಫ್‌ಎಂಟಿ ವೈಯುವಿ420ಪಿ" ಕೊಡಿ. ಆಗ "ನಾಟ್ ಡಿವಿಸಿಬಲ್ ಬೈ 2" ಅಂತ ಬೈದರೆ ಅಗಲವೋ ಎತ್ತರವೋ ಬೆಸ ಸಂಖ್ಯೆ ಆಗಿದೆ, ಒಂದು ಪಿಕ್ಸೆಲ್ ಕಡಿಮೆ ಮಾಡಿ.

ಬಿಲ್ಡ್ ಬಗ್ಗೆಯೂ ಒಂದಿಷ್ಟು. ಕಮಾಂಡ್ ಕೊಟ್ಟ ಕೂಡಲೇ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಸತ್ತುಹೋದರೆ ನಿಮ್ಮ ಪ್ರೊಸೆಸರ್‌ಗೆ ಗೊತ್ತಿಲ್ಲದ ಸೂಚನೆ ಆ ಬಿಲ್ಡ್‌ನಲ್ಲಿದೆ, ನಿಮ್ಮ ಸಿಸ್ಟಮ್‌ನ ಪ್ಯಾಕೇಜ್ ಮ್ಯಾನೇಜರ್ ಕೊಡುವುದನ್ನೇ ಹಾಕಿಕೊಳ್ಳಿ. ಉಬುಂಟು 14.04 ಕಾಲದ ಸಿಸ್ಟಮ್ ಆದರೆ ಎಫ್‌ಎಫ್‌ಎಂಪೆಗ್ ಬದಲು ಎವಿಕಾನ್ವ್ ಇರುತ್ತದೆ. ಅದು 2011ರಲ್ಲಿ ಒಡೆದುಹೋದ ಲಿಬ್‌ಎವಿ ಶಾಖೆಯದ್ದು, ಇಲ್ಲಿ ಹೇಳಿದ ಎಲ್ಲಾ ಆಯ್ಕೆಗಳೂ ಅದರಲ್ಲಿ ನಡೆಯುವುದಿಲ್ಲ.

ಆಮೇಲೆ ಕುಗ್ಗಿಸುವುದು

ರೆಕಾರ್ಡಿಂಗ್ ಕೈಗೆ ಬಂತು. ಈಗ ಅವಸರ ಇಲ್ಲ, ರಾತ್ರಿ ಬಿಟ್ಟು ಮಲಗಬಹುದು:

ಎಫ್‌ಎಫ್‌ಎಂಪೆಗ್ -ಐ ಕ್ಯಾಮೆರಾ.ಎಂಕೆವಿ -ಸಿ:ವಿ ಲಿಬ್‌ಎಕ್ಸ್264 -ಪ್ರೀಸೆಟ್ ಸ್ಲೋ -ಸಿಆರ್‌ಎಫ್ 20 -ಪಿಕ್ಸ್_ಎಫ್‌ಎಂಟಿ ವೈಯುವಿ420ಪಿ -ಸಿ:ಎ ಎಎಸಿ -ಬಿ:ಎ 128ಕೆ -ಮೂವ್‌ಫ್ಲ್ಯಾಗ್ಸ್ +ಫಾಸ್ಟ್‌ಸ್ಟಾರ್ಟ್ ಕೊನೆ.ಎಂಪಿ4

ಈಗ ಸ್ಪೀಡ್ 0.3 ಅಂತ ತೋರಿಸಿದರೂ ಚಿಂತೆ ಇಲ್ಲ, ಒಂದು ಫ್ರೇಮೂ ಬೀಳುವುದಿಲ್ಲ. ಫಾಸ್ಟ್‌ಸ್ಟಾರ್ಟ್ ಅನ್ನುವುದು ಆ ಸೂಚಿಯನ್ನು ಫೈಲಿನ ಶುರುವಿಗೆ ತರುತ್ತದೆ, ಇಂಟರ್ನೆಟ್‌ನಲ್ಲಿ ಬೇಗ ಓಡಲು ಶುರುವಾಗುತ್ತದೆ. ಎಡಿಟ್ ಮಾಡುವ ಯೋಚನೆ ಇದ್ದರೆ "-ಎಫ್‌ಪಿಎಸ್_ಮೋಡ್ ಸಿಎಫ್‌ಆರ್" ಸೇರಿಸಿ, ಫ್ರೇಮ್‌ಗಳ ನಡುವಿನ ಸಮಯ ಸಮನಾಗುತ್ತದೆ. 5.1ಕ್ಕಿಂತ ಹಳೆ ಆವೃತ್ತಿಯಲ್ಲಿ ಅದೇ ಕೆಲಸಕ್ಕೆ "-ವಿಸಿಂಕ್ 1".

ಮೂಲ ಫೈಲನ್ನು ಈಗಲೇ ಅಳಿಸಬೇಡಿ. ಮೊದಲು "ಎಫ್‌ಎಫ್‌ಎಂಪೆಗ್ -ವಿ ಎರರ್ -ಐ ಕೊನೆ.ಎಂಪಿ4 -ಎಫ್ ನಲ್ -" ಓಡಿಸಿ. ಏನೂ ಬರೆಯದೆ ಸುಮ್ನೆ ಮುಗಿದರೆ ಫೈಲ್ ಚೆನ್ನಾಗಿದೆ. ಕೊನೆಯ ಚಪ್ಪಾಳೆಯ ಜಾಗಕ್ಕೆ ಹೋಗಿ ಧ್ವನಿ ಹೊಂದಿದೆಯಾ ಒಮ್ಮೆ ನೋಡಿ. ಎರಡೂ ಸರಿ ಇದ್ದಮೇಲೆ ಆ ದೊಡ್ಡ ಎಂಕೆವಿ ಅಳಿಸಬಹುದು.